ಹಸಿರು ಶಾಯಿಯ ‘ಪಾಸ್’

ಕಳೆದ ವಾರ ಅಂಗಡಿಯಲ್ಲಿ ಯಾರೋ ಹೊಸ ಪೆನ್ನಿನಿಂದ ಹಸಿರು ಗೆರೆ ಎಳೆದು ನೋಡುತ್ತಿದ್ದರು. ಚೆನ್ನೈನ ಗಿಂಡಿಯ ಪಂಪು ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಹಸಿರಿನಲ್ಲೇ ಬರೆಯುತ್ತಿದ್ದರು. ಗೆಜೆಟೆಡ್ ಅಧಿಕಾರಿಯೇನಲ್ಲ, ಹಾಗೆ ಕಾಣುವ ಆಸೆ.

ಎರಡು ಸಾವಿರದ ಏಳೋ ಎಂಟೋ… ನಮ್ಮ ಕಂಪನಿಯ ಹೆಸರಿನಲ್ಲಿ ಹೊರಗಿನವರು ಸುಳ್ಳು ಇ-ಮೇಲ್ ಕಳಿಸದಂತೆ ಅವರು ಒಂದು ವ್ಯವಸ್ಥೆ ತಂದು, ಎಂ.ಡಿ.ಯವರಿಂದ ಶಾಲು ಹೊದಿಸಿಕೊಂಡಿದ್ದರು. ಮೇಲ್ ನಮ್ಮ ಸರ್ವರಿನಿಂದಲೇ ಹೊರಟಿದ್ದರೆ, ತಲುಪಿದ ಕಡೆ ‘ಪಾಸ್’ ಎಂದು ದಾಖಲಾಗುತ್ತಿತ್ತು. ಆದರೆ ಕಾರ್ಖಾನೆಯ ಒಳಗೆ ಕುಳಿತವರು ಯಾರ ಹೆಸರಿನಲ್ಲಿ ಬೇಕಾದರೂ ಬರೆಯಬಹುದಿತ್ತು, ಅದಕ್ಕೂ ‘ಪಾಸ್’. ಇದನ್ನು ನನಗೆ ತೋರಿಸಿದವರೂ ಅವರೇ. ಒಂದು ಮಧ್ಯಾಹ್ನ ಎಂ.ಡಿ.ಯವರ ಹೆಸರಿನಿಂದ ನನಗೆ ಬಡ್ತಿಯ ಮೇಲ್ ಬಂತು. ಪಕ್ಕದ ಮೇಜಿನಿಂದ ಅವರ ನಗು.

“ಏನಪ್ಪಾ ಮ್ಯಾನೇಜರ್ರೇ, ಕಾಫಿ ಯಾವಾಗ ಕೊಡಿಸ್ತೀರಿ?”

ತಿಂಗಳೊಳಗೆ, ಪಂಪುಗಳ ಎರಕ ಪರೀಕ್ಷಿಸುತ್ತಿದ್ದ ಹೆಂಗಸಿನ ಹೆಸರಿನಲ್ಲಿ ಗಿರಾಕಿಯೊಬ್ಬರಿಗೆ ಮೇಲ್ ಹೋಯಿತು: ಪಂಪುಗಳಲ್ಲಿ ಬಿರುಕಿದೆ, ಕೊಳ್ಳಬೇಡಿ. ಆರ್ಡರ್ ಕೈತಪ್ಪಿತು. ಆಕೆಯ ಕೆಲಸ ಉಳಿಯುವುದೋ ಇಲ್ಲವೋ ಎಂಬುದು ವಿಚಾರಣೆಯ ಮೇಲೆ ನಿಂತಿತು.

“ನಾ ಕಳ್ಸೇ ಇಲ್ಲ ಸಾರ್, ಸತ್ಯಮಾ,” ಎಂದರು ಆಕೆ. “ಬಿರುಕು ಇದ್ದಿದ್ರೆ ರಿಜಿಸ್ಟರ್‌ನಲ್ಲೇ ಬರೀತಿದ್ದೆ. ನಂಗೇನು ಭಯ?”

ಮುಖ್ಯಸ್ಥರು ಗಿರಾಕಿಯಿಂದ ತರಿಸಿದ ಪ್ರತಿಯಲ್ಲಿ ‘ಪಾಸ್’ ಎಂಬುದರ ಕೆಳಗೆ ಹಸಿರು ಗೆರೆ ಎಳೆದು ಎಂ.ಡಿ.ಯವರ ಮುಂದಿಟ್ಟರು.

“ಇದು ನಮ್ಮಿಂದಲೇ ಹೋಗಿದೆಯಾ?” ಎಂದು ಎಂ.ಡಿ. ನನ್ನನ್ನು ಕೇಳಿದರು.

“ಹೌದು ಸಾರ್. ಆದರೆ ಒಳಗಿಂದ ಯಾರು ಬೇಕಾದ್ರೂ…”

“ಸುಮ್ನಿರಪ್ಪ, ನೀನಿನ್ನೂ ಕಲೀತಿದೀಯ,” ಎಂದರು ಮುಖ್ಯಸ್ಥರು.

ನಾನು ಸುಮ್ಮನಾದೆ. ಮೇಲ್ ಯಾವ ಕಂಪ್ಯೂಟರಿನಿಂದ ಹೊರಟಿತೆಂಬ ದಾಖಲೆ ಸರ್ವರಿನಲ್ಲಿತ್ತು. ಅದನ್ನು ತೆಗೆದು ನೋಡಬಲ್ಲವರು ಮುಖ್ಯಸ್ಥರೊಬ್ಬರೇ. ತೆಗೆಯಲಿಲ್ಲ. ತೆಗೆದರೆ ಶಾಲು ತಂದುಕೊಟ್ಟ ವ್ಯವಸ್ಥೆಯ ತೂತು ಕಾಣುತ್ತಿತ್ತಲ್ಲ. ಕೆಲಸ ಕಳೆದುಕೊಂಡ ಆಕೆ ಅಂದೇ ಮಧ್ಯಾಹ್ನ ಟಿಫನ್ ಕ್ಯಾರಿಯರ್ ಹಿಡಿದು ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲಿಗೆ ನಡೆದರು… ಮತ್ತೆ ಬರಲಿಲ್ಲ. ಮುಖ್ಯಸ್ಥರು ಊಟ ಮುಗಿಸಿ ಹಲ್ಲುಕಡ್ಡಿ ಕೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ಕೋಪಕ್ಕೂ ಒಂದು ಯೋಗ್ಯತೆ ಬೇಕು.

ಈಗ ಅವರು ತೀರಿಕೊಂಡಿದ್ದಾರೆ. ಅವರ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಸಾಲು ಬರೆದುಕೊಡು ಎಂದು ಹಳೆಯ ಸಹೋದ್ಯೋಗಿಗಳು ಕೇಳುತ್ತಿದ್ದಾರೆ. ನಾನು ಆಕೆಯನ್ನು ಹುಡುಕಿ ತಾಂಬರಂಗೆ ಹೋಗಿಬಂದೆ. ಆಕೆಯ ಹಳೆಯ ಮನೆಯಲ್ಲಿ ಬೇರೆಯವರಿದ್ದಾರೆ, ಆಕೆ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಮೇಲ್ ಆಕೆಯದಲ್ಲ ಎಂದು ನಾನು ಇವತ್ತಿಗೂ ಆಣೆಯಿಟ್ಟು ಹೇಳಲಾರೆ. ಬೇರೆಯವರೂ ಬರೆದಿರಬಹುದಿತ್ತು ಎಂದಷ್ಟೇ ಬಲ್ಲೆ. ಅಂದು ಅಷ್ಟು ಹೇಳಿದ್ದರೆ ಸಾಕಿತ್ತು.