ಗಿಲೀಟು ಹೋದ ರೇಜರು

ಲೋಕಪ್ಪಣ್ಣ ಎದುರಿಗೆ ಬಂದವರ ಕಣ್ಣು ನೋಡುತ್ತಿರಲಿಲ್ಲ, ದವಡೆ ನೋಡುತ್ತಿದ್ದ. ನೀವು ಮಾತು ಶುರು ಮಾಡುವ ಮೊದಲೇ ಅವನ ದೃಷ್ಟಿ ನಿಮ್ಮ ಕಿವಿಯ ಕೆಳಗಿನಿಂದ ಗಲ್ಲದವರೆಗೆ ಒಮ್ಮೆ ಹೋಗಿ ಬಂದಿರುತ್ತಿತ್ತು. “ರೈಟ್ರೇ, ನಿಮ್ ಬ್ಲೇಡು ಓರೆ ಕೂತಿದೆ. ಎಡಗಡೆ ಕೆರೀತಾ ಇದೆ, ಬಲಗಡೆ ಬಿಡ್ತಾ ಇದೆ. ನಾಳೆ ರೇಜರ್ ತಗೊಂಡು ಬನ್ನಿ,” ಅನ್ನುತ್ತಿದ್ದ. ಜಾವಳಿ ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಆಫೀಸಿನ ಗುಮಾಸ್ತ. ಅವನು ಪಂಪ್‌ಹೌಸಿನ ಮೆಕ್ಯಾನಿಕ್. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನು.

ಪಂಪು ರಿಪೇರಿ ಅವನ ಹೊಟ್ಟೆಪಾಡು. ಹುಚ್ಚು ಇದ್ದದ್ದು ಹಳೇ ಸೇಫ್ಟಿ ರೇಜರುಗಳ ಮೇಲೆ. ನಮ್ಮ ಕಡೆ ಹಳೇ ಮನೆಗಳ ಟ್ರಂಕು ತೆಗೆದರೆ ತೀರಿಹೋದ ಅಜ್ಜಂದಿರ ರೇಜರೊಂದು ಸಿಕ್ಕೇ ಸಿಗುತ್ತದೆ. ಮೂರು ತುಂಡಾಗಿ ಬಿಚ್ಚುವಂಥದ್ದು, ಇಲ್ಲವೇ ಹಿಡಿಯ ಬುಡ ತಿರುಗಿಸಿದರೆ ತಲೆಯ ಮೇಲೆ ಎರಡು ಬಾಗಿಲು ತೆರೆದುಕೊಳ್ಳುವಂಥದ್ದು. ಸೋಪು ಕಟ್ಟಿ ಕಲ್ಲಾಗಿ, ಮಳೆಗಾಲದ ತೇವಕ್ಕೆ ಹಸಿರು ಹಿಡಿದು ಬಂದದ್ದನ್ನು ಅವನು ವಾರದಲ್ಲಿ ಹೊಸದು ಮಾಡಿ ಕೊಡುತ್ತಿದ್ದ. ಸತ್ತ ಅಪ್ಪನ ಸಾಮಾನನ್ನು ಒಂದು ಚೀಟಿಯೂ ಇಲ್ಲದೆ ಜನ ಅವನ ಕೈಗೆ ಕೊಟ್ಟು ಹೋಗುತ್ತಿದ್ದರು. ಆ ನಂಬಿಕೆಯೇ ಅವನ ಆಸ್ತಿ. ಅದನ್ನು ಹಾಳು ಮಾಡಿದವನು ನಾನು, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಪಂಪ್‌ಹೌಸಿನ ಕಟ್ಟೆಯ ಮೇಲೆ ಬಿಳೀ ಬಟ್ಟೆ ಹಾಸಿ ಅವನು ಕೆಲಸಕ್ಕೆ ಕೂರುವ ಚೆಂದವೇ ಬೇರೆ. “ಮೊದ್ಲು ಬ್ಲೇಡು ತೆಗೀರಿ. ಆಮೇಲೆ ನಿಮ್ ಪೌರುಷ,” ಅನ್ನುತ್ತಿದ್ದ. ಬ್ಲೇಡಿನ ಬಾಯಿಗೆ ಬೆರಳು ತಾಗಿಸದೆ, ಎರಡೂ ಗಿಡ್ಡ ತುದಿಗಳಲ್ಲಿ ಹಿಡಿದು ಎತ್ತಿ, ಮುಚ್ಚಳದಲ್ಲಿ ಸೀಳು ಮಾಡಿದ ಕಾಫಿಪುಡಿ ಡಬ್ಬಿಯೊಳಗೆ ಇಳಿಸುತ್ತಿದ್ದ. ಡಬ್ಬಿ ತುಂಬಿದರೆ ಸೀಳಿಗೆ ಬೆಸುಗೆ. ಬ್ಲೇಡನ್ನು ಕಸಕ್ಕೆ ಎಸೆದವರಿಗೆ ಮಂಗಳಾರತಿ ಆಗುತ್ತಿತ್ತು. “ಕಸ ಬಾಚೋ ಹೆಂಗಸಿನ ಕೈ ಅದು. ನಿಮ್ ಗಡ್ಡ ಅಲ್ಲ!”

ಆಮೇಲೆ ಉಗುರುಬೆಚ್ಚಗಿನ ನೀರು, ಒಂದಿಷ್ಟು ಸೋಪು, ಸವೆದ ಹಲ್ಲುಜ್ಜುವ ಬ್ರಷ್ಷು. ಅಷ್ಟೇ. ಕುದಿಯುವ ನೀರು ಕೂಡದು, ಬೂದಿ ಕೂಡದು, ಪಾತ್ರೆ ತಿಕ್ಕುವ ಉಕ್ಕಿನ ನಾರು ಕೂಡದು, ಹುಳಿ ಅಂತೂ ಸುತರಾಂ ಕೂಡದು. “ಮೇಲಿರೋದು ಬರೀ ಗಿಲೀಟು ರೈಟ್ರೇ, ಈರುಳ್ಳಿ ಸಿಪ್ಪೆಗಿಂತ ತೆಳು. ಒಳಗಿರೋದು ಹಿತ್ತಾಳೆ.” ತೊಳೆದು, ಒಣಗಿಸಿ, ಇನ್ನೊಬ್ಬರ ಮುಖ ಮುಟ್ಟಿದ್ದೆಂದು ಸ್ಪಿರಿಟ್ಟಿನಲ್ಲಿ ಒರೆಸಿ, ಕೊನೆಗೆ ತಿರುಪಿನ ಸಂದಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಒಂದು ತೊಟ್ಟು. “ಬಾಣಂತಿಗೆ ಎರೆದಂಗೆ ಎರೀತೀಯಲ್ಲ ಲೋಕಪ್ಪಣ್ಣ,” ಎಂದು ನಾನು ಕಿಚಾಯಿಸಿದರೆ, “ಬಾಣಂತಿಗೆ ಬಿಸಿ ಹೆಚ್ಚಾದ್ರೆ ಬಯ್ತಾಳೆ ಮಾರಾಯ್ರೆ. ಇದು ಬಾಯಿ ಬಿಡಲ್ಲ, ಸುಮ್ನೆ ಹಾಳಾಗುತ್ತೆ,” ಅಂದಿದ್ದ.

ಭಾನುವಾರ ತನ್ನದೊಂದು ರೇಜರು ಹಿಡಿದು ಕೂಲಿ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗುತ್ತಿದ್ದ. ಹಾಸಿಗೆ ಹಿಡಿದ ಮುದುಕರಿಗೆ ಮಲಗಿದಲ್ಲೇ ಗಡ್ಡ ತೆಗೆಯುವುದು ಅವನ ರೂಢಿ. ಒಬ್ಬೊಬ್ಬರಿಗೂ ಹೊಸ ಬ್ಲೇಡು. ನನ್ನ ಅಪ್ಪ ಕೊನೇ ಮೂರು ತಿಂಗಳು ಎದ್ದು ಕೂರಲಾರದೆ ಮಲಗಿದ್ದಾಗ ಅವರ ಗಡ್ಡ ತೆಗೆದವನೂ ಅವನೇ. ಅಂಥವನಿಗೆ ನಾನು ಮಾಡಿದ್ದು ಕೇಳಿ.

ಎಸ್ಟೇಟಿನ ಒಡೆಯರಾದ ದೊಡ್ಡ ಸಾಹುಕಾರರು ತೀರಿಕೊಂಡು ವರ್ಷ ತುಂಬಿತ್ತು. ತಿಥಿಯ ದಿನ ನಮ್ಮಲ್ಲಿ ಸತ್ತವರಿಗೆ ಎಡೆ ಇಡುವಾಗ ಅವರಿಗೆ ಪ್ರೀತಿಯಾದ ಸಾಮಾನನ್ನೂ ಪಕ್ಕದಲ್ಲಿ ಇಡುತ್ತಾರೆ. ಅವರ ಮಗ, ಅಂದರೆ ಈಗಿನ ಸಾಹುಕಾರರು, ಹಿಂದಿನ ದಿನ ಬೆಳಿಗ್ಗೆ ನನ್ನ ಕೈಗೆ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಅವರ ಅಪ್ಪನ ಚಿನ್ನದ ಬಣ್ಣದ ರೇಜರು. ಚಿನ್ನದ್ದೇ ಎಂದು ಆ ಮನೆಯವರೆಲ್ಲ ನಂಬಿದ್ದರು. “ಲೋಕಪ್ಪನಿಗೆ ಕೊಡಿ, ಕ್ಲೀನ್ ಮಾಡ್ಲಿ. ನಾಳೆ ಎಡೆ ಹತ್ರ ಇಡ್ಬೇಕು,” ಅಂದರು.

ಲೋಕಪ್ಪಣ್ಣ ಹೊಳೆಯ ಹತ್ತಿರ ಪೈಪು ಜೋಡಿಸಲು ಹೋಗಿದ್ದ. ನಾನು ಮನೆಗೆ ಬಂದರೆ ನನ್ನ ಹೆಂಡತಿ ದೀಪದ ಕಂಬಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ದೇವರ ಮುಂದೆ, ಎಡೆಯ ಮುಂದೆ ಇಡುವುದೆಲ್ಲ ಹುಣಸೆಹಣ್ಣಿನಲ್ಲಿ ತೊಳೆದದ್ದೇ ಆಗಬೇಕು ಎಂದು ಹುಟ್ಟಿದಾಗಿನಿಂದ ನೋಡಿದವನು ನಾನು. ಹುಳಿ ಕೂಡದು ಅಂದದ್ದು ಗಿಲೀಟಿಗೆ, ಇದು ಚಿನ್ನ; ಇದೇನು ಮಹಾ ವಿದ್ಯೆ, ನಾನೇ ಮಾಡಿ ಸಾಹುಕಾರರಿಂದ ಶಹಬ್ಬಾಸ್ ಅನ್ನಿಸಿಕೊಂಡರಾಯಿತು ಎಂದುಕೊಂಡೆ. ಹುಣಸೆಹಣ್ಣಿನ ನೀರಿನಲ್ಲಿ ಮಧ್ಯಾಹ್ನದವರೆಗೆ ನೆನೆಹಾಕಿ, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ. ತೊಳೆದು ನೋಡಿದೆ. ಚಿನ್ನ ಎಲ್ಲಿದೆ? ಅಲ್ಲಲ್ಲಿ ಒಂದಿಷ್ಟು ಮಿಂಚು, ಉಳಿದದ್ದೆಲ್ಲ ಬರೀ ಹಿತ್ತಾಳೆ.

ಸಂಜೆ ಅದನ್ನು ಹಾಗೇ ಒಯ್ದು ಲೋಕಪ್ಪಣ್ಣನಿಗೆ ಕೊಟ್ಟೆ. ಅವನು ಬೆಳಕಿಗೆ ಹಿಡಿದು ನೋಡಿ, “ಅಯ್ಯೋ ದೇವ್ರೇ, ಇದಕ್ಕೆ ಹುಳಿ ಹಾಕಿದ್ ಯಾರು?” ಎಂದ.

“ನಂಗೇನು ಗೊತ್ತು? ಹಿಂಗೇ ಕೊಟ್ರು.”

ಅವನು ನನ್ನ ಕೈಯ ಕಡೆ ನೋಡಿದ. “ಗಿಲೀಟು ಹೋದ್ರೆ ನನ್ ಕೈಲಿ ಬರಲ್ಲ ರೈಟ್ರೇ. ಉಳಿದದ್ ಸರಿ ಮಾಡ್ತೀನಿ,” ಎಂದ.

ಮಾರನೇ ದಿನ ಎಡೆಯ ಮುಂದೆ ನೆಂಟರಿಷ್ಟರೆಲ್ಲ ಕೂತಿದ್ದಾಗ ಸಾಹುಕಾರರು ಪೆಟ್ಟಿಗೆ ತೆರೆದರು. ಮುಖ ಕೆಂಪಾಯಿತು. “ಇದೇನಿದು? ಅಪ್ಪಯ್ಯನ ಚಿನ್ನದ ರೇಜರ್ ಎಲ್ಲಿ ಲೋಕಪ್ಪ? ಬದಲಾಯಿಸಿ ಹಿತ್ತಾಳೇದು ಇಟ್ಟಿದೀಯಾ?”

“ಅದೇ ಇದು ಸಾಹುಕಾರ್ರೇ. ಚಿನ್ನದ್ದಲ್ಲ, ಗಿಲೀಟಿತ್ತು. ನನ್ ಕೈಗೆ ಬರೋ ಮುಂಚೇನೇ ಹೋಗಿತ್ತು.”

“ರೈಟ್ರೇ, ನೀವು ಕೊಡುವಾಗ ಹೆಂಗಿತ್ತು?”

ಆಗ ಲೋಕಪ್ಪಣ್ಣ ನನ್ನ ದವಡೆ ನೋಡಲಿಲ್ಲ. ಹದಿನೈದು ವರ್ಷದ ಪರಿಚಯದಲ್ಲಿ ಮೊದಲ ಸಲ ನನ್ನ ಕಣ್ಣನ್ನೇ ನೋಡಿದ. ನಾನು ಎಡೆಯ ಕಡೆ ತಿರುಗಿ, “ಚೆನ್ನಾಗೇ ಇತ್ತು ಸಾಹುಕಾರ್ರೇ,” ಅಂದೆ. ನನ್ನ ನಾಲಿಗೆ ಅಲ್ಲೇ ಬಿದ್ದುಹೋಗಬಾರದಿತ್ತೇ! ಕೆಲಸ ಹೋಗುವ ಹೆದರಿಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಿದ್ದರೆ ನಾಲ್ಕು ಬೈಗುಳ ತಿನ್ನುತ್ತಿದ್ದೆ, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ಅವನು ವಾದ ಮಾಡಲಿಲ್ಲ. ವಾರದೊಳಗೆ ಲೈನಿನ ಮನೆ ಖಾಲಿ ಮಾಡಿ ಕಳಸದಲ್ಲಿದ್ದ ತಂಗಿಯ ಮನೆ ಸೇರಿದ. ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು. ಆಮೇಲೆ ಒಬ್ಬನೇ ಒಬ್ಬನೂ ತನ್ನ ಅಪ್ಪನ ರೇಜರನ್ನು ಅವನ ಕೈಗೆ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರದೋ ಅಂಗಡಿ ಜಗಲಿಯಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದನಂತೆ.

ನಾನು ಅಲ್ಲಿಗೆ ಹೋದದ್ದು ಏಳು ವರ್ಷ ಕಳೆದ ಮೇಲೆ. ನೇರವಾಗಿ ಹೋಗುವ ಮುಖ ಇಲ್ಲದೆ ನನ್ನ ಅಪ್ಪನ ರೇಜರನ್ನು ನೆಪಕ್ಕೆ ತೆಗೆದುಕೊಂಡು ಹೋಗಿದ್ದೆ. ಕೈಗೆ ಕೊಟ್ಟಾಗ ಲೋಕಪ್ಪಣ್ಣ ಅದನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತ. ಆಮೇಲೆ ಬ್ಯಾಗಿನಿಂದ ಬಿಳೀ ಬಟ್ಟೆ, ಬ್ರಷ್ಷು ತೆಗೆದ. ಏಳು ವರ್ಷ ಅವನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದ! ಹಿಂದಿನಂತೆಯೇ ಬ್ಲೇಡನ್ನು ಮೊದಲು ತೆಗೆದ, ಗಿಡ್ಡ ತುದಿಗಳಲ್ಲೇ ಹಿಡಿದ. ಎಣ್ಣೆಯ ತೊಟ್ಟು ಬಿಟ್ಟು ರೇಜರನ್ನು ಜೋಡಿಸಿದ.

“ಲೋಕಪ್ಪಣ್ಣ, ಅವತ್ತು…” ಎಂದೆ.

“ಗೊತ್ತಿತ್ತು ರೈಟ್ರೇ. ಅವತ್ತು ಸಂಜೆ ನಿಮ್ ಉಗುರಿನ ಸಂದೀಲಿ ಹುಣಸೆಹಣ್ಣಿನ ನಾರಿತ್ತು,” ಎಂದ. ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. “ಹೇಳ್ಬಹುದಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಆಮೇಲೂ ಒಂದೆರಡು ವರ್ಷ ಕಾದೆ.”

ರೇಜರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. ನನ್ನ ದವಡೆಯನ್ನೂ ನೋಡಲಿಲ್ಲ, ಕಣ್ಣನ್ನೂ ನೋಡಲಿಲ್ಲ. “ಬಚ್ಚಲಲ್ಲಿ ಇಡ್ಬೇಡಿ, ತೇವ ಹಿಡಿಯುತ್ತೆ,” ಎಂದು ಪಕ್ಕದಲ್ಲಿದ್ದ ಕೊಡೆ ಎತ್ತಿಕೊಂಡ.

ಈ ಮಳೆಗಾಲದಲ್ಲಿ ಅವನು ತೀರಿಹೋದ. ನನಗೆ ತಿಳಿದದ್ದು ಹನ್ನೊಂದನೇ ದಿನ ಕಳೆದ ಮೇಲೆ. ಮಾರನೇ ದಿನವೇ ಬಂಗಲೆಗೆ ಹೋದೆ. ಸಾಹುಕಾರರ ಎದುರು ನಿಂತು, ಹುಣಸೆಹಣ್ಣಿನಿಂದ ಹಿಡಿದು ಎಡೆಯ ಮುಂದೆ ಹೇಳಿದ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದೆ. ಲೋಕಪ್ಪಣ್ಣ ಕಳ್ಳನಲ್ಲ, ಹಾಳು ಮಾಡಿದವನು ನಾನು ಎಂದು ಎರಡೆರಡು ಸಲ ಹೇಳಿದೆ.

ಅವರು ಪೂರ್ತಿ ಕೇಳಿ ನಕ್ಕರು. ಎದ್ದು ಬಂದು ನನ್ನ ಭುಜ ತಟ್ಟಿದರು.

“ನಿಮ್ದು ದೊಡ್ಡ ಮನಸ್ಸು ರೈಟ್ರೇ. ಸತ್ತೋನ ತಪ್ಪನ್ನ ಮೈಮೇಲೆ ಹಾಕ್ಕೊಳ್ಳೋಕೆ ಎಲ್ರಿಗೂ ಆಗಲ್ಲ. ಬಿಡಿ, ಆ ಕಳ್ಳನ್ನ ನಾನು ಯಾವತ್ತೋ ಕ್ಷಮಿಸಿದೀನಿ. ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ.”

ಇಲ್ಲ ಸಾಹುಕಾರ್ರೇ ಎಂದು ಇನ್ನೊಮ್ಮೆ ಹೇಳಬೇಕಿತ್ತು. ಕಾಫಿ ಬಂತು. ಕೂತು ಕುಡಿದು ಬಂದೆ.