ಖಾನಾವಳಿ ನೋಡಿ ಹೆಣ್ಣು ಕೊಡುವ ಅಪ್ಪ

ಹೆಣ್ಣು ಹೆತ್ತವರು ಗಂಡಿನ ಹೊಲ ನೋಡುತ್ತಾರೆ, ನೌಕರಿ ನೋಡುತ್ತಾರೆ, ಕುಡಿಯುತ್ತಾನೋ ಇಲ್ಲವೋ ಎಂದು ಆಚೀಚೆ ಮನೆಯವರನ್ನು ಕೇಳುತ್ತಾರೆ. ನಮ್ಮಪ್ಪ ಮುದಕಪ್ಪ ಮಾತ್ರ ಗಂಡಿನ ಊರಿನ ಖಾನಾವಳಿ ನೋಡುತ್ತಾನೆ. ಅಲ್ಲಿ ಕುಳಿತು ಒಂದು ಊಟ ಮಾಡುತ್ತಾನೆ. ಊಟ ಸರಿ ಬರಲಿಲ್ಲವೆಂದರೆ ಗಂಡೂ ಸರಿ ಬರಲಿಲ್ಲ. ಹೀಗೆ ನನಗೆ ಬಂದ ಸಂಬಂಧಗಳಲ್ಲಿ ಒಂದು ಜುಣಕದಿಂದ ಮುರಿದಿದೆ, ಒಂದು ರೊಟ್ಟಿಯಿಂದ, ಇನ್ನೊಂದು ಉಳ್ಳಾಗಡ್ಡಿಯಿಂದ. ಹೇಳಿಕೊಂಡರೆ ಜನ ನಗುತ್ತಾರೆ. ನನಗೆ ಇಪ್ಪತ್ತೊಂಬತ್ತು ನಡೆಯುತ್ತಿದೆ, ನಗು ಬರುವುದಿಲ್ಲ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಗುಡಗೇರಿಯ ನಮ್ಮ ಮನೆಯಲ್ಲಿ ಉಂಡದ್ದಕ್ಕಿಂತ ಊರೂರಿನ ಖಾನಾವಳಿಗಳಲ್ಲಿ ಉಂಡದ್ದೇ ಹೆಚ್ಚು. ಯಾವ ಊರಿನ ಹೆಸರು ತೆಗೆದರೂ ಅವನಿಗೆ ನೆನಪಾಗುವುದು ಅಲ್ಲಿಯ ಗುಡಿಯಲ್ಲ, ಕೆರೆಯಲ್ಲ, ಅಲ್ಲಿಯ ಎಣ್ಣೆಗಾಯಿ ಬದನೆಕಾಯಿ. ಹೊಸ ಊರಿನಲ್ಲಿ ಊಟದ ಜಾಗ ಹುಡುಕಲು ಅವನದೇ ಪದ್ಧತಿಯಿದೆ. ಬೋರ್ಡ್ ನೋಡುವುದಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ ಕಡೆ ಕತ್ತು ಸಹ ಹೊರಳಿಸುವುದಿಲ್ಲ, ಯಾಕೆಂದರೆ ಅಲ್ಲಿಗೆ ಬರುವವರು ಮತ್ತೆ ಬರುವವರಲ್ಲ, ಅದು ಹೋಟೆಲಿನವನಿಗೂ ಗೊತ್ತು. ಅಪ್ಪ ನೆಟ್ಟಗೆ ಕ್ಷೌರದ ಅಂಗಡಿಗೆ ಹೋಗುತ್ತಾನೆ. ಕ್ಷೌರದವನು ಮಧ್ಯಾಹ್ನ ಅಂಗಡಿ ಬಿಟ್ಟು ದೂರ ಹೋಗಲಾರ, ದಿನಾ ಕೆಟ್ಟದ್ದನ್ನು ಉಣ್ಣಲಾರ, ಆದ್ದರಿಂದ ಅವನು ಉಣ್ಣುವಲ್ಲಿ ಉಣ್ಣಬೇಕು ಎಂಬುದು ಅಪ್ಪನ ಲೆಕ್ಕ. ಆಮೇಲೆ ಆ ಓಣಿಯಲ್ಲಿ ನಿಂತು ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿಗೊಡುತ್ತಾನೆ. ಸಪ್ಪಳ ಕೇಳದಿದ್ದರೆ ರೊಟ್ಟಿ ನಿನ್ನೆಯದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅಪ್ಪ ಅದರಲ್ಲಿ ಅರ್ಧ ಮಾತ್ರ ಕಲಿತವನು. ಅರವತ್ತು ದಾಟಿದರೂ ರೋಗವಿಲ್ಲ. ಜಗಳಕ್ಕೆ ಕೊರತೆಯಿಲ್ಲ.

ಅಣ್ಣಿಗೇರಿಯ ಗಂಡು ಮಾಸ್ತರ, ಒಳ್ಳೆಯ ಮನೆತನ. ಅಪ್ಪ ಅಲ್ಲಿಯ ಖಾನಾವಳಿಯಲ್ಲಿ ಉಂಡು ಬಂದು, ಮುಂಜಾನೆ ಮಾಡಿಟ್ಟ ಕಡಲೆಹಿಟ್ಟಿನ ಜುಣಕಕ್ಕೆ ಮಧ್ಯಾಹ್ನ ಬಿಸಿನೀರು ಬೆರೆಸಿ ಬಡಿಸುವ ಊರು, ಬೇಡ ಎಂದ. ನವಲಗುಂದದಲ್ಲಿ ಪ್ಯಾಕೆಟಿನ ಕಟಿರೊಟ್ಟಿ ಒಡೆದು ತಾಟಿಗೆ ಹಾಕಿದರಂತೆ, ಅದೂ ಬೇಡ. ಕುಂದಗೋಳದಲ್ಲಿ ಊಟವೆಲ್ಲ ಚೆನ್ನಾಗಿತ್ತು, ಎರಡನೆಯ ಸಲ ಉಳ್ಳಾಗಡ್ಡಿ ಕೇಳಿದಾಗ ಬಡಿಸುವವನು ಅಪ್ಪನ ಮುಖ ನೋಡಿದ. ಅಷ್ಟೇ. ಉಳ್ಳಾಗಡ್ಡಿ ಕೇಳಿದರೆ ಮುಖ ನೋಡುವ ಊರಿಗೆ ಮಗಳನ್ನು ಕೊಡುವುದಿಲ್ಲ ಎಂದು ಬಂದುಬಿಟ್ಟ. ಖಾನಾವಳಿ ಮಾಲೀಕನಿಗೂ ಗಂಡಿನ ಮನೆಗೂ ಏನು ಸಂಬಂಧ ಎಂದು ಅವ್ವ ದೇವಕ್ಕ ಕೇಳಿ ಕೇಳಿ ದಣಿದಿದ್ದಾಳೆ.

ಇದರ ಹಿಂದೆ ಒಂದು ಕತೆಯಿದೆ, ನನಗೆ ಗೊತ್ತು. ಅಪ್ಪನ ಅಕ್ಕನನ್ನು, ಅಂದರೆ ನನ್ನ ಸೋದರತ್ತೆಯನ್ನು, ನವಲಗುಂದದ ಕಡೆ ಒಂದು ದೊಡ್ಡ ಮನೆಗೆ ಕೊಟ್ಟಿದ್ದರು. ಕಣಜ ತುಂಬಿದ ಮನೆ. ನೋಡಲು ಹೋದವರ ಮುಂದೆ ತುಪ್ಪವೇನು, ಹಪ್ಪಳವೇನು, ತಂದು ತಂದು ತೋರಿಸಿದರಂತೆ. ಮುಂದೆ ಅಪ್ಪನಿಗೆ ಅದೇ ದಾರಿಯ ಬಸ್ಸಿನಲ್ಲಿ ಡ್ಯೂಟಿ ಬಿತ್ತು. ಬಸ್ಸು ಆ ಊರಲ್ಲಿ ನಿಂತಾಗ ಅತ್ತೆ ಓಡಿ ಬರುತ್ತಿದ್ದಳು. ತಮ್ಮನನ್ನು ಮಾತಾಡಿಸಲು ಬರುತ್ತಾಳೆ ಎಂದು ಡ್ರೈವರ್ ತಿಳಿದಿದ್ದ. ಅವಳು ಬಸ್ಸಿನ ಮರೆಗೆ ನಿಂತು ಅಪ್ಪನ ಬುತ್ತಿ ಉಣ್ಣುತ್ತಿದ್ದಳು. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣಬೇಕಾದ ಆ ಮನೆಯಲ್ಲಿ ಅವಳ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಬುತ್ತಿ ಅವಳಿಗೆ ಬಿಟ್ಟು ಅಪ್ಪ ಆವತ್ತಿನಿಂದ ಖಾನಾವಳಿಯಲ್ಲಿ ಉಣ್ಣಲು ಶುರು ಮಾಡಿದ್ದು. ಅತ್ತೆ ಈಗ ಇಲ್ಲ. ಈ ಕತೆ ಗೊತ್ತಿರುವುದರಿಂದಲೇ ನನಗೆ ಇನ್ನೂ ಸಂಕಟ, ಅಪ್ಪನನ್ನು ಬಾಯಿ ತುಂಬ ಬೈಯಲೂ ಆಗುವುದಿಲ್ಲ.

ಈ ಸಲದ ಗಂಡು ದೇವಿಕೊಪ್ಪದ ಮಾಳಿಂಗರಾಯ, ಲೈನ್‌ಮನ್. ಫೋಟೋ ನೋಡಿ, ಹಿರಿಯರು ನಂಬರ್ ಕೊಟ್ಟು, ಎರಡು ತಿಂಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದೆವು. ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ದಿನವಿಡೀ ಹೆದರಿದ ಮುಖಗಳನ್ನೇ ನೋಡುವವಳು. ಅವನು ಒಮ್ಮೆ ಕಂಬದ ಮೇಲಿದ್ದಾಗ ಕೆಳಗೆ ಮಂಗಗಳು ಅವನ ಬುತ್ತಿ ಬಿಚ್ಚಿ ಉಂಡದ್ದನ್ನೂ, ಉಪ್ಪಿನಕಾಯಿ ಮಾತ್ರ ಬಿಟ್ಟು ಹೋದದ್ದನ್ನೂ ಹೇಳಿದ. ಆವತ್ತು ನಾನು ಬಹಳ ದಿನಗಳ ಮೇಲೆ ನಕ್ಕೆ. ನನಗೆ ಅವನು ಬೇಕಾಗಿದ್ದ. ಅವ್ವನಿಗೂ ಹೇಳಿದ್ದೆ. ಉಳಿದದ್ದು ಅಪ್ಪನ ಖಾನಾವಳಿ ಪರೀಕ್ಷೆ.

ಮನೆ ನೋಡಲು ಹೊರಟ ದಿನ ಅವ್ವ ಬುತ್ತಿ ಕಟ್ಟಲು ಹೋದಳು. ಬುತ್ತಿ ಕಟ್ಟಿಕೊಂಡು ಹೋದರೆ ಊರು ತಿಳಿಯುವುದಿಲ್ಲ ಎಂದು ಅಪ್ಪ ಬಿಡಿಸಿದ. ಗಂಡಿನ ಮನೆಯಲ್ಲಿ ಉಣ್ಣುವಂತಿಲ್ಲ. ನಮ್ಮಲ್ಲಿ ಪದ್ಧತಿ ಹಾಗೆ, ಮಾತು ಮುಗಿಯುವ ತನಕ ಚಹಾ, ಚುರುಮುರಿ ನಡೆಯುತ್ತದೆ, ತಾಟಿಗೆ ಕೈ ಹಾಕಿದರೆ ಹೆಣ್ಣು ಕೊಟ್ಟಂತೆ. ಅಂದಮೇಲೆ ದೇವಿಕೊಪ್ಪಕ್ಕೆ ಹತ್ತಿರದ ಪೇಟೆಯಾದ ಕಲಘಟಗಿಯಲ್ಲೇ ಉಂಡು ಹೋಗಬೇಕು. ಗುಡಗೇರಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ಮೂವರೂ ಕಲಘಟಗಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಂಜಾನೆ ಚಹಾದ ಮೇಲೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಅಪ್ಪನಿಗೆ ಡ್ಯೂಟಿ ಕಾಲದಿಂದ ಗೊತ್ತಿದ್ದ ಖಾನಾವಳಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿತ್ತು. ಸರಿ, ಕ್ಷೌರದ ಅಂಗಡಿಗೆ ಹೋದ. ಅಲ್ಲಿದ್ದ ಹುಡುಗ, ತಾನು ದಿನಾ ಗಾಡಿಯಿಂದ ಎಗ್‌ರೈಸ್ ತರಿಸುತ್ತೇನೆ ಎಂದ. ಅಪ್ಪನ ಆಯುಷ್ಯದ ಲೆಕ್ಕವೇ ತಪ್ಪಿತು. ಬಿಸಿಲಲ್ಲಿ ಒಂದು ಓಣಿ, ಇನ್ನೊಂದು ಓಣಿ, ತೊಟ್ಟಿಲಿಗೆ ಬಣ್ಣ ಹಚ್ಚುವವರ ಮನೆಗಳ ಮುಂದೆ ಒಮ್ಮೆ, ಮತ್ತೆ ಅದೇ ಮನೆಗಳ ಮುಂದೆ ಇನ್ನೊಮ್ಮೆ. ಬಣ್ಣ ಹಚ್ಚುವ ಹೆಂಗಸು ನಮ್ಮನ್ನು ನೋಡಿ, ತೊಟ್ಟಿಲು ಬೇಕೇನು ಎಂದು ಅವ್ವನನ್ನು ಕೇಳಿದಳು. ಮೊದಲು ಮಗಳ ಲಗ್ನ ಆಗಲಿ ಎಂದು ಅವ್ವ ಅಪ್ಪನ ಬೆನ್ನಿಗೆ ಕೇಳುವ ಹಾಗೆ ಹೇಳಿದಳು.

ದೊಡ್ಡ ರಸ್ತೆಯಲ್ಲಿ ಉತ್ತರ ಕರ್ನಾಟಕ ಶೈಲಿಯ ಊಟ ಎಂಬ ಬೋರ್ಡಿತ್ತು. ನಾವು ಇರುವುದೇ ಇಲ್ಲಿ, ಮತ್ತೆ ಶೈಲಿ ಯಾಕೆ ಬಂತು ಎಂದು ಅಪ್ಪ ಬಾಗಿಲಲ್ಲೇ ತಕರಾರು ತೆಗೆದ. ನಾನು ಕೈ ಹಿಡಿದು ಒಳಗೆ ಕೂಡಿಸಿದೆ. ರೊಟ್ಟಿ ಖಾಲಿ, ಗೋಬಿ ಮಂಚೂರಿ ಇದೆ ಎಂದರು. ಅಪ್ಪ ಎದ್ದ. ನಾನು ಗೋಬಿಯನ್ನಾದರೂ ತಿನ್ನುತ್ತಿದ್ದೆ, ಅಷ್ಟು ಹಸಿದಿದ್ದೆ. ಕೊನೆಗೆ ಒಂದು ಸಂದಿಯಲ್ಲಿ ಅಗಸಿ ಚಟ್ನಿಯ ವಾಸನೆ ಬಂತು. ಅಪ್ಪನ ಮುಖ ಅರಳಿತು. ಜಮಾಲಬಿ ಎಂಬ ಹೆಂಗಸಿನ ಸಣ್ಣ ಖಾನಾವಳಿ. ನಾವು ಬಾಗಿಲಿಗೆ ಬರುವುದಕ್ಕೂ ಆಕೆ ಕೀಲಿ ಹಾಕುವುದಕ್ಕೂ ಸರಿಹೋಯಿತು. ಮಗಳು ಆಸ್ಪತ್ರೆಯಲ್ಲಿ ಹಡೆದಿದ್ದಾಳೆ, ಚಟ್ನಿ ಅವಳಿಗೇ ಒಯ್ಯುತ್ತಿದ್ದೇನೆ ಎಂದು ಡಬ್ಬಿ ತೋರಿಸಿದಳು. ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ, ಇದು ಅಕ್ಕಿಯ ಸೀಮೆ, ಇಲ್ಲಿ ಮನೆಗಳಲ್ಲಿ ಅನ್ನವೇ ಹೆಚ್ಚು ಎಂದು ಹೇಳಿ ಅವಸರದಿಂದ ಹೊರಟುಹೋದಳು.

ಅಪ್ಪ ಬಸ್ ಸ್ಟ್ಯಾಂಡಿನ ಕಡೆ ತಿರುಗಿದ. ಹುಬ್ಬಳ್ಳಿ ಬಸ್ಸು ನಿಂತಿತ್ತು. ಊರಿಗೆ ಹೋಗೂಣು ಎಂದ. ನನ್ನ ಫೋನಿನಲ್ಲಿ ಮಾಳಿಂಗರಾಯ, ರಸ್ತೆಗೆ ಬಂದು ನಿಂತಿದ್ದೇನೆ ಎಂದು ಮೆಸೇಜ್ ಹಾಕಿದ್ದ. ನನ್ನ ತಲೆ ಕೆಟ್ಟಿತು.

“ಅಪ್ಪಾ, ನೀ ಗಂಡು ನೋಡಾಕ ಬಂದಿಯೋ, ಖಾನಾವಳಿ ನೋಡಾಕ ಬಂದಿಯೋ?” ಎಂದೆ. ಬಸ್ಸಿನೊಳಗಿದ್ದವರೂ ಕಿಟಕಿಯಿಂದ ನೋಡಿದರು.

ಅಪ್ಪ ಸಿಟ್ಟಾಗಲಿಲ್ಲ. “ಖಾನಾವಳಿಯವ ರೊಕ್ಕಾ ಇಸ್ಕೊಂಡು ಬಡಸ್ತಾನ. ರೊಕ್ಕಾ ಕೊಟ್ಟವ್ರಿಗೇ ನೆಟ್ಟಗ ಉಣ್ಣಾಕ ಹಾಕದ ಊರು, ಸೊಸೀಗೆ ಏನ್ ಹಾಕೀತು? ಮನಿಯಾಗ ನೋಡಿದ್ರ ತಿಳಿಯಾಂಗಿಲ್ಲ ಯವ್ವಾ. ನೋಡಾಕ ಬಂದವ್ರ ಮುಂದ ಎಲ್ಲಾರೂ ತುಪ್ಪಾ ತೋರಸ್ತಾರ.”

ಮಾತು ಸುಳ್ಳಲ್ಲ. ಆದರೆ ಈ ಮಾತನ್ನು ಹಿಡಿದುಕೊಂಡರೆ ನಾನು ಲ್ಯಾಬಿನಲ್ಲೇ ಮುದುಕಿಯಾಗುತ್ತೇನೆ. ಕೊನೆಗೆ ಅವ್ವ ಜಗಳ ಬಿಡಿಸಿದಳು. ಬರುತ್ತೇವೆಂದು ಹೇಳಿ ಹೋಗದಿದ್ದರೆ ಮರ್ಯಾದೆಯಲ್ಲ, ಚಹಾ ಕುಡಿದಾದರೂ ಬರೋಣ ಎಂದಳು. ಮರ್ಯಾದೆಯ ಮಾತಿಗೆ ಅಪ್ಪ ದೇವಿಕೊಪ್ಪದ ಟಂಟಂ ಆಟೋ ಹತ್ತಿದ.

ದೇವಿಕೊಪ್ಪದ ಮನೆ ಸಣ್ಣದು. ಮಾಳಿಂಗರಾಯನಿಗೆ ತಂದೆಯಿಲ್ಲ. ತಾಯಿ ನಾಗರತ್ನವ್ವ ಚಹಾ ತಂದಳು, ಚುರುಮುರಿ ತಂದಳು, ಹೆಚ್ಚು ಮಾತಿಲ್ಲ. ಅಪ್ಪ ಚುರುಮುರಿಯನ್ನು ಬೆರಳಲ್ಲಿ ಆಡಿಸುತ್ತ, ಗದ್ದೆ ಎಷ್ಟು, ನೀರು ಯಾವುದು ಎಂದು ಒಂದೆರಡು ಕೇಳಿದ. ಮಾಳಿಂಗರಾಯ ಉತ್ತರ ಕೊಡುತ್ತ ನಡುನಡುವೆ ನನ್ನ ಕಡೆ ನೋಡುತ್ತಿದ್ದ. ನನಗೆ ಅಪ್ಪನ ಧ್ವನಿ ಗೊತ್ತು. ಅವನು ಆಗಲೇ ಬಸ್ಸಿನಲ್ಲಿ ಕುಳಿತಾಗಿತ್ತು.

“ಛಲೋ ಆತ್ರಿ. ಊರಿಗೆ ಹೋಗಿ ತಿಳಸ್ತೇವ್ರಿ,” ಎಂದು ಅಪ್ಪ ಟವೆಲ್ ಹೆಗಲಿಗೆ ಹಾಕಿದ.

ಊರಿಗೆ ಹೋಗಿ ತಿಳಿಸುತ್ತೇವೆ ಎಂದರೆ ಏನೆಂದು ಹೆಣ್ಣು ಗಂಡು ನೋಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಾಳಿಂಗರಾಯ ತಲೆ ತಗ್ಗಿಸಿದ. ಅವನ ಆ ತಗ್ಗಿದ ತಲೆಯನ್ನು ನೋಡಿದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಎಲ್ಲ ಒಟ್ಟಿಗೆ ನೆನಪಾದವು. ಹಸಿವಿನ ಉರಿಯೋ, ಸಿಟ್ಟಿನ ಉರಿಯೋ ತಿಳಿಯಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ.

“ಅತ್ತಿ, ಹಸಿವಾಗೇತಿ. ನಂಗೊಂದು ತಾಟು ಹಾಕ್ರಿ,” ಎಂದೆ.

ಹಿಂದೆ ಪಡಸಾಲೆಯಲ್ಲಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು ಎಂದು ಆಮೇಲೆ ತಿಳಿಯಿತು. ನಾಗರತ್ನವ್ವ ನನ್ನನ್ನು ಒಂದು ಕ್ಷಣ ನೋಡಿದಳು. ಪಡಸಾಲೆಯ ಕಡೆ, ಗಂಡಸರ ಕಡೆ ಅವಳು ನೋಡಲೇ ಇಲ್ಲ.

“ನಾವು ದಿನಾ ಉಣ್ಣೂದ ಐತಿ ಯವ್ವಾ. ನಿಮಗಂತ ಮಾಡಿದ್ದಲ್ಲ,” ಎಂದಳು. ಆಮೇಲೆ ತಾನೂ ಮುಂಜಾನೆಯಿಂದ ಉಂಡಿಲ್ಲ ಎಂದು ಹೇಳಿ, ಎರಡು ತಾಟು ಇಟ್ಟಳು. ಒಂದು ನನ್ನ ಮುಂದೆ, ಒಂದು ತನ್ನ ಮುಂದೆ. ಎರಡಕ್ಕೂ ಅನ್ನ ಸಾರು ಬಡಿಸಿದಳು. ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ದೊಡ್ಡ ಹೋಳನ್ನು ನನ್ನ ತಾಟಿಗೆ ಹಾಕಿ, ನನ್ನ ಬಾಜೂಕ್ಕೇ ಕುಳಿತು ಉಣ್ಣತೊಡಗಿದಳು. ಮಗ ಹೊರಗೆ ಕುಳಿತಿದ್ದ, ಬಂದ ಗಂಡಸು, ನಮ್ಮಪ್ಪ, ಬಾಗಿಲಲ್ಲಿ ನಿಂತಿದ್ದ, ಆಕೆ ನಿಶ್ಚಿಂತೆಯಿಂದ ಉಣ್ಣುತ್ತಿದ್ದಳು.

ಊಟ ಹೇಗಿತ್ತು? ಮುದಕಪ್ಪನ ಮಗಳು ನಾನು, ಸುಳ್ಳು ಹೇಳಲಾರೆ. ಅನ್ನ ಮುದ್ದೆಯಾಗಿತ್ತು. ಸಾರಿನಲ್ಲಿ ಬೇಳೆ ಹುಡುಕಬೇಕಿತ್ತು. ಉಪ್ಪು ಕಡಿಮೆ. ಖಾನಾವಳಿಯಲ್ಲಿ ಇಂಥ ಸಾರು ಬಂದಿದ್ದರೆ ಅಪ್ಪ ತಾಟು ಸಮೇತ ಎತ್ತಿಕೊಂಡು ಮಾಲೀಕನ ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತಿದ್ದ.

ಅಪ್ಪ ಬಾಗಿಲಲ್ಲಿ ನಿಂತು ಎರಡು ತಾಟುಗಳನ್ನು ನೋಡುತ್ತಲೇ ಇದ್ದ. ನಾನು ತಲೆಯೆತ್ತಲಿಲ್ಲ, ಬೈಗುಳಕ್ಕೆ ಕಾಯುತ್ತಿದ್ದೆ. ನಾಗರತ್ನವ್ವ ಮಾತ್ರ ಉಣ್ಣುತ್ತಲೇ ಕೈ ಚಾಚಿ, ನನ್ನನ್ನು ಕೇಳದೆಯೇ ಇನ್ನೊಂದು ಸವುಟು ಸಾರು ಹಾಕಿದಳು. ಟವೆಲ್ ನೆಲದ ಮೇಲಿಟ್ಟದ್ದು ಕಂಡಿತು. ಅಪ್ಪ ಬಂದು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತ.

“ನನಗೂ ಹಾಕ್ರಿ, ಬೀಗತಿ,” ಎಂದ.

ಜೋಳದ ರೊಟ್ಟಿಯಿಲ್ಲದೆ ಊಟವೇ ಅಲ್ಲ ಎನ್ನುವವನು ಆ ಮುದ್ದೆ ಅನ್ನವನ್ನು ಉಂಡ. ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಉಪ್ಪು ಕೇಳಲಿಲ್ಲ.

ಹುಬ್ಬಳ್ಳಿ ಬಸ್ಸಿನಲ್ಲಿ ನಾನು ಬೇಕೆಂದೇ ಕೆಣಕಿದೆ, ಸಾರು ಹೇಗಿತ್ತು ಎಂದು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡು, “ಅಗದಿ ನೀರಾಗಿತ್ತು,” ಎಂದ. ಮತ್ತೆ ತಾನೇ ಹೇಳಿದ. “ಸಾರೇನು, ಕಲಿಸಿದ್ರ ಬರ್ತೈತಿ.”

ಒಂದು ತುತ್ತು ಜುಣಕಕ್ಕಾಗಿ, ಒಂದು ಹೋಳು ಉಳ್ಳಾಗಡ್ಡಿಗಾಗಿ ನನ್ನನ್ನು ವರ್ಷಗಟ್ಟಲೆ ಕಾಯಿಸಿದ ಮನುಷ್ಯನ ಬಾಯಿಂದ ಬಂದ ಮಾತು ಅದು. ಮೈಯೆಲ್ಲ ಉರಿಯಿತು. ತಿರುಗಿ ಏನಾದರೂ ಅನ್ನಬೇಕೆಂದು ನೋಡಿದರೆ, ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ತನ್ನ ಅಕ್ಕನ ಬಾಜೂಕ್ಕ ಯಾರೂ ಕುಂತು ಉಣ್ಣಲಿಲ್ಲ ಎಂದು ಅವ್ವನಿಗೆ ಹೇಳುತ್ತಿದ್ದ.