ಮನೆಗಾಡಿ ಕಟ್ಟಿಕೊಂಡು ಸೂಲಿಬೆಲೆಗೆ

ದೊಡ್ಡಬಳ್ಳಾಪುರದ ನಮ್ಮ ಮನೆ ಮುಂದಿನಿಂದ ಹೊರಟಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಹಳೇ ಜೀಪಿನ ಸ್ಟೀರಿಂಗ್ ಹಿಡಿದವಳು ನಾನು. ಪಕ್ಕದಲ್ಲಿ ನನ್ನ ಯಜಮಾನರು ನಾಗರಾಜು, ಹಿಂದಿನ ಸೀಟಿನಲ್ಲಿ ಅತ್ತೆ ಲಕ್ಷ್ಮಮ್ಮ. ಅವರ ಬೆನ್ನ ಹಿಂದೆ, ಜೀಪಿನ ಕೊಂಡಿಗೆ ಸಿಕ್ಕಿಸಿದ ನಮ್ಮ ಮನೆಗಾಡಿ. ಬಿಳಿ ಬಣ್ಣಕ್ಕೆ ನೀಲಿ ಪಟ್ಟಿ, ಎರಡು ಚಕ್ರ, ಎರಡು ಕಿಟಕಿ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಮೂಲೆಯಲ್ಲಿ ಬಾಗಿಲಿರುವ ಪುಟ್ಟ ಕೋಣೆ, ಅದರಲ್ಲಿ ಕಮೋಡು. ಇಷ್ಟನ್ನೂ ನಮ್ಮವರು ತಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಕೈಯಾರೆ ಕಟ್ಟಿದ್ದರು. ನಂಬರ್ ಪ್ಲೇಟು, ಕಾಗದ ಪತ್ರ ಎಲ್ಲ ಆಗಿತ್ತು. ಬೀದಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರೆ ನನಗೆ ಕತ್ತು ತಾನಾಗಿಯೇ ನೆಟ್ಟಗಾಯಿತು.

ಈ ಗಾಡಿ ಹುಟ್ಟಿದ್ದೇ ಆ ಕಮೋಡಿನ ದೆಸೆಯಿಂದ. ಅತ್ತೆಗೆ ಮಂಡಿ ಬಗ್ಗುವುದಿಲ್ಲ, ಜೊತೆಗೆ ಸಕ್ಕರೆ ಕಾಯಿಲೆ. ಸೂಲಿಬೆಲೆಯಲ್ಲಿರುವ ಅವರ ಅಕ್ಕ ಮುನಿಯಮ್ಮನ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ. ಬೇರೆಯವರ ಮನೆಯಲ್ಲಿ ತನಗಾಗಿ ಏರ್ಪಾಡು ಮಾಡಿಸುವುದು ಅತ್ತೆಗೆ ಮಾನದ ಪ್ರಶ್ನೆ. ಹಾಗಾಗಿ ಅರ್ಧ ದಿನದ ಹಾದಿಯೂ ಅಲ್ಲದ ಊರಿಗೆ ಅವರು ವರ್ಷಗಳಿಂದ ಹೋಗಿರಲಿಲ್ಲ. ಈಗ ಮುನಿಯಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿನ್ನ ಮುಖ ಕಾಣುವಷ್ಟು ದಿನದಲ್ಲೇ ಬಂದು ನಾಲ್ಕು ದಿನ ಇದ್ದು ಹೋಗು ಎಂದು ಆಕೆ ಫೋನಿನಲ್ಲಿ ಹೇಳಿದ ಮರುದಿನವೇ ನಮ್ಮವರು ಕಬ್ಬಿಣ ಕೊಯ್ಯಲು ಶುರುಮಾಡಿದರು.

ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಹುಲ್ಲು ತುಂಬಿದ ಟ್ರೈಲರೊಂದು ಟ್ರ್ಯಾಕ್ಟರಿನ ಹಿಂದೆ ವಾಲಾಡಿ ವಾಲಾಡಿ ಹಳ್ಳಕ್ಕೆ ಮಗುಚಿದ್ದನ್ನು ಅವರು ಕಣ್ಣಾರೆ ಕಂಡವರು. ಜೀಪು ಹತ್ತುವ ಮುಂಚೆ ನನ್ನ ಕಡೆ ತಿರುಗಿ ಹೇಳಿದರು:

“ನೋಡು ಮಂಜುಳಾ, ಒಂದೇ ಒಂದ್ಸಲ ವಾಲಾಡಿದ್ರೂ ವಾಪಸ್ ತಿರುಗಿಸ್ಬೇಕು. ಆಮೇಲೆ ಈ ಗಾಡಿಗೆ ಹತ್ತು ಅಂತ ನನ್ನ ಕರೀಲೇಬಾರ್ದು.”

ನಾನು ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವಳು. ವಿಮಾನ ತಪ್ಪಿಹೋಗುತ್ತದೆಂದು ಒದ್ದಾಡುವವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೇ ನನ್ನ ಕಸುಬು. ನನಗೇ ಷರತ್ತಾ ಎಂದು ಒಳಗೊಳಗೆ ಉರಿದುಕೊಂಡರೂ ಆಗಲಿ ಅತ್ತೆ ಎಂದೆ.

ಹೊಸ ಗಾಡಿ ಎಂದಮೇಲೆ ಮೊದಲು ಘಾಟಿ ಸುಬ್ರಹ್ಮಣ್ಯಕ್ಕೆ. ಆ ಹದಿನೈದು ಕಿಲೋಮೀಟರಿನಲ್ಲಿ ನನ್ನ ಜಂಬ ಅರ್ಧಕ್ಕಿಳಿಯಿತು. ಬ್ರೇಕ್ ತುಳಿದರೆ ಜೀಪು ನಿಲ್ಲುವ ಮೊದಲು ಹಿಂದಿನಿಂದ ಯಾರೋ ತಳ್ಳಿದಂತಾಗುತ್ತಿತ್ತು. ಮುಂದಿನ ಗಾಡಿಗೆ ಎಂದಿಗಿಂತ ಎರಡರಷ್ಟು ಜಾಗ ಬಿಡಬೇಕಾಯಿತು. ತಿರುವಿನಲ್ಲಿ ಬೇಗ ತಿರುಗಿಸಿದರೆ ಮನೆಗಾಡಿಯ ಚಕ್ರ ರಸ್ತೆಯ ಅಂಚು ಕಚ್ಚುತ್ತಿತ್ತು. ಮೂವತ್ತು, ನಲವತ್ತರಲ್ಲೇ ಹೋದೆ. ಪೂಜೆ ಮಾಡಿದ ಅರ್ಚಕರು ಜೀಪಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಹಿಂದಿನದಕ್ಕೂ ಬೇಕೇ ಎಂದು ಯೋಚಿಸಿ, ಅದಕ್ಕೂ ಎರಡಿಟ್ಟರು. ಅತ್ತೆ ಮಾತ್ರ ದಾರಿಯುದ್ದಕ್ಕೂ ಕತ್ತು ತಿರುಗಿಸಿ ಹಿಂದಕ್ಕೇ ನೋಡುತ್ತಿದ್ದರು, ಸಂತೆಯಲ್ಲಿ ಕೊಂಡ ಹಸುವನ್ನು ಗಾಡಿಗೆ ಕಟ್ಟಿಕೊಂಡು ಬರುವವರ ಹಾಗೆ. ಒಂದು ನಿಮಿಷ ಕಣ್ಣು ಮುಚ್ಚಿ ಎಂದರೆ, ನಾನು ಮುಚ್ಚಿದರೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರು.

ಮತ್ತೆ ದೊಡ್ಡಬಳ್ಳಾಪುರಕ್ಕೆ ಬಂದು ಹೊಸ ಹೆದ್ದಾರಿ ಸೇರಿದೆವು. ಅಗಲವಾದ, ನುಣುಪಾದ ರಸ್ತೆ. ಅರವತ್ತಕ್ಕೆ ಏರಿಸಿದೆ. ಮನೆಗಾಡಿ ಗಂಭೀರವಾಗಿ ಹಿಂಬಾಲಿಸಿತು. ನಮ್ಮವರು ಕನ್ನಡಿಯಲ್ಲಿ ನೋಡಿ ಮೀಸೆಯೊಳಗೇ ನಕ್ಕರು. ದೇವನಹಳ್ಳಿ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ನನ್ನ ಜೊತೆ ಕ್ಯಾಬ್ ಓಡಿಸುವ ಸಾದಿಕ್ ಸಿಕ್ಕಿದ. ಗಾಡಿಯನ್ನು ಒಂದು ಸುತ್ತು ಬಂದು, ಕಿಟಕಿಯಲ್ಲಿ ಇಣುಕಿ, “ಏನಕ್ಕಾ, ಮನೇನೇ ಕಟ್ಕೊಂಡು ಹೊರಟ್‌ಬಿಟ್ಟಿದ್ದೀಯ” ಅಂದ. ನಮ್ಮವರು ಒಲೆ, ನಲ್ಲಿ, ಮಡಚುವ ಮೇಜು ಎಲ್ಲ ತೋರಿಸುವಷ್ಟರಲ್ಲಿ ಚಹಾ ಆರಿಹೋಯಿತು.

ದೇವನಹಳ್ಳಿಯಲ್ಲಿ ನಾದಿನಿ ಸುಜಾತಳ ಮನೆ. ಮುದ್ದೆ, ಅವರೆಕಾಳಿನ ಸಾರು, ಹಪ್ಪಳ. ಊಟ ಮುಗಿಸಿ ನಾವು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅವಳೂ ಅವಳ ಗಂಡನೂ ಮನೆಗಾಡಿಯ ಹಿಂಬಾಗಿಲು ತೆರೆದರು. ತವರಿನ ಗಾಡಿ ಬರಿದಾಗಿ ಹೋಗುವುದುಂಟೇ? ಒಂದು ಮೂಟೆ ರಾಗಿ, ಚೀಲದ ತುಂಬ ಚಕ್ಕೋತ, ತೆಂಗಿನಕಾಯಿ, ಅವರೆಕಾಯಿ, ದೊಡ್ಡಮ್ಮ ಮುನಿಯಮ್ಮನಿಗೆಂದು ಎರಡು ಕುಂಬಳಕಾಯಿ. ಬಾಗಿಲು ಹಿಂದೆಯೇ ಇದ್ದುದರಿಂದ ಎಲ್ಲವೂ ಬಾಗಿಲ ಬುಡದಲ್ಲೇ ಕೂತವು. ಬೇಡ ಎಂದು ನಾವೂ ಬಾಯಿಮಾತಿಗೆ ಹೇಳಿದೆವು.

ಅಲ್ಲಿಂದ ಸೂಲಿಬೆಲೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹೆದ್ದಾರಿ ಹತ್ತಿ ಬೆಳಗಿನಂತೆಯೇ ಅರವತ್ತಕ್ಕೆ ಹೋದೆ. ಒಂದು ಇಳಿಜಾರಿನಲ್ಲಿ ದೊಡ್ಡ ಕಂಟೇನರ್ ಲಾರಿ ಭರ್ರೆಂದು ಪಕ್ಕದಲ್ಲಿ ದಾಟಿತು. ಅದರ ಗಾಳಿಗೆ ನಮ್ಮ ಹಿಂಭಾಗ ಎಡಕ್ಕೆ ಸರಿಯಿತು, ಬಲಕ್ಕೆ ಬಂತು, ಮತ್ತೆ ಇನ್ನೂ ಜೋರಾಗಿ ಎಡಕ್ಕೆ. ಜೀಪಿನ ಬೆನ್ನು ಹಿಡಿದು ಯಾರೋ ಅಲ್ಲಾಡಿಸಿದಂತಾಯಿತು. ನನ್ನ ಕಾಲು ಬ್ರೇಕಿನ ಮೇಲೆ ಹೋಗೇಬಿಟ್ಟಿತ್ತು. “ತುಳೀಬೇಡ. ಆಕ್ಸಿಲರೇಟರ್ ಬಿಡು, ಸ್ಟೀರಿಂಗ್ ನೆಟ್ಟಗೆ ಹಿಡ್ಕೋ” ಎಂದರು ನಮ್ಮವರು. ಎಡಕ್ಕೆ ಎಳೆದರೆ ಬಲಕ್ಕೆ ತಿರುಗಿಸಬೇಕೆಂದು ಕೈ ಒದ್ದಾಡುತ್ತಿತ್ತು. ಹಲ್ಲು ಕಚ್ಚಿ ನೆಟ್ಟಗೆ ಹಿಡಿದೆ. ವೇಗ ತಾನಾಗಿ ಇಳಿದು, ಮುಳ್ಳು ನಲವತ್ತಕ್ಕೆ ಬರುವಷ್ಟರಲ್ಲಿ ಗಾಡಿ ಸುಮ್ಮನಾಯಿತು. ರಸ್ತೆ ಬದಿಯ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಬೆನ್ನು ಬೆವತು ಸೀಟಿಗೆ ಅಂಟಿತ್ತು.

ಅತ್ತೆ ಕಿರುಚಲಿಲ್ಲ. ಕೆಳಗಿಳಿದು ಸೆರಗು ಸರಿಮಾಡಿಕೊಂಡು, ತಿರುಗಿಸು ಎಂದಷ್ಟೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಅಕ್ಕನಿಗೆ ಫೋನ್ ಮಾಡಿ ಬರುವುದಿಲ್ಲ ಅಂತ ನೀವೇ ಹೇಳಿ, ನನ್ನ ಕೈಲಾಗುವುದಿಲ್ಲ ಎಂದರು. ನಮ್ಮವರು ತಾವು ಬೆಸೆದ ಕೊಂಡಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಶೆಡ್ಡಿನಲ್ಲಿ ಹಗಲೆಲ್ಲ ಕಿಡಿ ಹಾರಿಸಿ ಕಟ್ಟಿದ ಗಾಡಿ ಹೀಗೆ ಮಾನ ಕಳೆಯಿತಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು. ನನಗೆ ಇಬ್ಬರನ್ನೂ ನೋಡಲಾಗಲಿಲ್ಲ.

ಆದರೆ ಬೆಳಿಗ್ಗೆ ಅದೇ ಅರವತ್ತರಲ್ಲಿ ಇದೇ ಗಾಡಿ ಸಾಧುವಾಗಿ ಬಂದಿತ್ತಲ್ಲ? ಅದೇ ರಸ್ತೆ, ಅದೇ ಕೊಂಡಿ, ಅದೇ ನಾನು. ನಾಲ್ಕು ಹೆಜ್ಜೆ ದೂರ ಹೋಗಿ ನಿಂತು ನೋಡಿದೆ. ಮನೆಗಾಡಿ ಹಿಂದಕ್ಕೆ ಕುಸಿದು, ಮೂತಿ ಮೇಲಕ್ಕೆತ್ತಿ ಕೂತಿತ್ತು. ಕೊಂಡಿ ಕಳಚಲು ಹೇಳಿದೆ. ಬೆಳಿಗ್ಗೆ ಆ ಮೂತಿ ಎತ್ತಲು ನಾವಿಬ್ಬರೂ ಉಸಿರು ಕಟ್ಟಿದ್ದೆವು. ಈಗ ನಮ್ಮವರು ಒಂದೇ ಕೈಯಲ್ಲಿ ಎತ್ತಿಬಿಟ್ಟರು. “ಸುಜಾತಾ ಕೊಟ್ಟಿದ್ದೆಲ್ಲ ಹಿಂದ್ಗಡೆ ಕೂತೈತೆ ಅತ್ತೆ” ಅಂದೆ.

ಅತ್ತೆ ಕಣ್ಣೊರೆಸಿಕೊಂಡು ಹತ್ತಿರ ಬಂದರು. ಒಂದು ಗಳಿಗೆ ನೋಡಿದರು.

“ಹಿಂಭಾರ ಆಗೈತೆ” ಅಂದರು. “ಎತ್ತಿನ ಗಾಡೀಲೂ ಹಿಂಗೇ, ಹಿಂದೆ ಭಾರ ಜಾಸ್ತಿ ಆದ್ರೆ ನೊಗ ಎತ್ತಿನ ಕತ್ತಿಂದ ಎದ್ದೋಗುತ್ತೆ. ಇಷ್ಟು ಗೊತ್ತಾಗ್ಲಿಲ್ವೇನೋ ನಾಗಾ?”

ಮಗನನ್ನು ಬೈಯುವಷ್ಟು ಜೀವ ಅವರಿಗೆ ಬಂದದ್ದು ನೋಡಿ ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ. ರಾಗಿ ಮೂಟೆಯನ್ನು ಚಕ್ರದಿಂದ ತುಸು ಮುಂದಕ್ಕೆ, ಹಾಸಿಗೆಯ ಕೆಳಗೆ ದೂಡಿದೆವು. ಕಾಯಿ, ಕುಂಬಳ ಅದರ ಪಕ್ಕ. ಚಕ್ಕೋತದ ಚೀಲ ಜೀಪಿಗೆ, ಅತ್ತೆಯ ಕಾಲಬುಡಕ್ಕೆ. ಮೂತಿ ಮತ್ತೆ ಭಾರವಾಯಿತು. ಸೂಲಿಬೆಲೆವರೆಗೆ ನೋಡೋಣ ಎಂದು ಅತ್ತೆ ಹತ್ತಿದರು.

ಹೊರಟ ಮೇಲೆ ನಲವತ್ತು, ನಲವತ್ತೈದು, ಐವತ್ತು ಎಂದು ಮೆಲ್ಲಗೆ ಏರಿಸುತ್ತ ಹೋದೆ. ಅರವತ್ತಕ್ಕೆ ಮುಟ್ಟಿಸಿದಾಗಲೂ ವಾಲಾಡಲಿಲ್ಲ. ನಮ್ಮವರಿಗೆ ಗೆದ್ದೆನೆಂಬ ಸಂಭ್ರಮ, ಹೀಗೇ ಹೋಗು ಎಂದರು. ಆದರೆ ಅರವತ್ತರಲ್ಲಿ ಪಕ್ಕದಲ್ಲಿ ಲಾರಿ ಬಂದಾಗಲೆಲ್ಲ ನನ್ನ ಬೆರಳು ಸ್ಟೀರಿಂಗನ್ನು ಬಿಗಿಹಿಡಿಯುತ್ತಿದ್ದವು. ಐವತ್ತಕ್ಕಿಳಿಸಿದೆ. ಲಾರಿ ಬಂತು, ಹೋಯಿತು, ಬೆರಳು ಸಡಿಲವಾಗಿಯೇ ಇದ್ದವು. ಸರಿ, ಇದೇ ನಮ್ಮ ವೇಗ ಎಂದು ಅಲ್ಲೇ ತೀರ್ಮಾನಿಸಿದೆ. ಎಡ ಅಂಚು ಹಿಡಿದು, ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಟ್ಟೆ. ಹಾಲಿನ ಟೆಂಪೊ ಕೂಡ ನಮ್ಮನ್ನು ಹಿಂದೆ ಹಾಕಿತು. ನೂರರ ಮೇಲೆ ಓಡಿಸಿ ಶಹಭಾಸ್ ಅನ್ನಿಸಿಕೊಂಡವಳು ನಾನು, ಆದರೂ ಯಾವತ್ತೂ ಇಷ್ಟು ಬೀಗಿರಲಿಲ್ಲ.

ಸೂಲಿಬೆಲೆಯಲ್ಲಿ ಮುನಿಯಮ್ಮ ಜಗಲಿಯ ಮೇಲೆ ಕಾಯುತ್ತಿದ್ದರು. ಅತ್ತೆ ಹತ್ತಿರ ಹೋದಾಗ ಎರಡೂ ಕೈಯಲ್ಲಿ ಅವರ ಮುಖ ಹಿಡಿದು ಬೆಳಕಿಗೆ ತಿರುಗಿಸಿ ತುಂಬ ಹೊತ್ತು ನೋಡಿದರು. “ಮುದುಕಿ ಆಗ್ಬಿಟ್ಟಿದ್ದೀಯಲ್ಲೇ ಲಕ್ಷ್ಮೀ” ಅಂದರು. ಮುಖ ಇನ್ನೂ ಕಾಣುತ್ತದೆ ಎಂದಾಯಿತು. ನಾವೆಲ್ಲ ನಕ್ಕೆವು, ನಗುತ್ತಲೇ ಅತ್ತೆವು. ಆಮೇಲೆ ಮುನಿಯಮ್ಮನೇ ಹಟ ಹಿಡಿದು, ಮನೆ ಎಂದಮೇಲೆ ಹಾಲು ಉಕ್ಕಬೇಕು ಎಂದು, ತಮ್ಮ ಹಸುವಿನ ಹಾಲನ್ನೇ ಮನೆಗಾಡಿಯ ಒಲೆಯ ಮೇಲೆ ಉಕ್ಕಿಸಿದರು. ಬೀದಿಗೆಲ್ಲ ಪಾಯಸ ಹಂಚಿದ್ದಾಯಿತು. ನಾಲ್ಕು ದಿನ ಅಕ್ಕತಂಗಿಯರು ಗಾಡಿಯ ಹಾಸಿಗೆಯ ಮೇಲೇ ಮಾತಾಡುತ್ತ ಕಳೆದರು. ಅತ್ತೆ ಬೇಕೆಂದಾಗ ಎದ್ದು ಮೂಲೆಯ ಕೋಣೆಗೆ ಹೋಗಿ ಬರುತ್ತಿದ್ದರು, ಯಾರನ್ನೂ ಏನನ್ನೂ ಕೇಳದೆ. ನೋಡಲು ಬಂದವರಿಗೆ ಆ ಪುಟ್ಟ ಕೋಣೆಯ ಬಾಗಿಲು ತೆರೆದು ತೋರಿಸುವುದನ್ನು ಅವರೇ ವಹಿಸಿಕೊಂಡರು.

ಹೊರಡುವ ದಿನ ಮುನಿಯಮ್ಮನೂ ನಮ್ಮ ಜೊತೆ ಹೊರಟು ನಿಂತರು. ಕಣ್ಣಿರುವಾಗಲೇ ತಂಗಿಯ ಮನೆ ನೋಡಬೇಕಂತೆ. ಅವರ ಮನೆ ಮಂದಿ ಆಲೂಗಡ್ಡೆ ಚೀಲ ಹೊತ್ತು ಹಿಂಬಾಗಿಲಿಗೆ ಬಂದರೆ, ಅಲ್ಲಿ ಅತ್ತೆ ಕೋಲು ಅಡ್ಡ ಹಿಡಿದು ನಿಂತಿದ್ದರು. ಹಿಂದುಗಡೆ ಒಂದು ನಿಂಬೆಹಣ್ಣೂ ಇಡಕೂಡದು ಎಂದು ಚೀಲವನ್ನು ಮುಂದಕ್ಕೆ ಹಾಕಿಸಿದರು.

ಹೆದ್ದಾರಿ ಸೇರಿ ಮುಳ್ಳನ್ನು ಐವತ್ತರಲ್ಲಿ ನಿಲ್ಲಿಸಿದೆ. ದೂರದಲ್ಲಿ ನಂದಿಬೆಟ್ಟ ಕಾಣುತ್ತಿತ್ತು. ಕಂಟೇನರ್ ಲಾರಿಯೊಂದು ಗುಡುಗುತ್ತ ಪಕ್ಕಕ್ಕೆ ಬಂದಾಗ ಹಿಂದಿನ ಸೀಟಿನಲ್ಲಿ ಮುನಿಯಮ್ಮ ಹೆದರಿ ತಂಗಿಯ ಕೈ ಹಿಡಿದರು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಹಿಂದೆ ತಿರುಗಿರಲಿಲ್ಲ.

“ವಾಲಾಡಲ್ಲ, ಮಲ್ಕೋ ಅಕ್ಕಾ” ಅಂದರು. “ನನ್ನ ಸೊಸೆ ಓಡಿಸ್ತಾವ್ಳೆ.”

ದೇವನಹಳ್ಳಿ ಬರುವಷ್ಟರಲ್ಲಿ ಅಕ್ಕ ತಂಗಿ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಸುಜಾತಳ ಮನೆಯ ತಿರುವು ಬಂತು. ನಾನು ನಿಲ್ಲಿಸಲಿಲ್ಲ, ಐವತ್ತರಲ್ಲೇ ದಾಟಿಕೊಂಡು ಬಂದೆ.